ಐದು ಲಕ್ಷ ರೂಪಾಯಿಯ ವಿದ್ಯಾರ್ಥಿವೇತನಕ್ಕೆ ಸ್ವಂತ ಟ್ರಸ್ಟ್ ಬೇಕೇ?

ತಂದೆಯ ನೆನಪಿಗೆ 5 ಲಕ್ಷ ರೂಪಾಯಿ ತೆಗೆದಿರಿಸಿದ್ದೇವೆ, ಟ್ರಸ್ಟ್ ಮಾಡಿ ಬಡ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡೋಣವೇ ಎಂದು ಕೇಳಿದ್ದೀರಿ. ನಮ್ಮ ಅಮ್ಮ ತೀರ್ಥಹಳ್ಳಿ ಕಡೆಯ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿಯಾಗಿದ್ದರು. ಅವರ ಹೆಸರಿನ ಪುಟ್ಟ ಟ್ರಸ್ಟಿನ ಲೆಕ್ಕ ಬರೆಯುವವಳು ನಾನು. ಮೊದಲು ಬಡ್ಡಿಯ ಲೆಕ್ಕ ಹಾಕಿ, ಟ್ರಸ್ಟಿನ ಮಾತು ಆಮೇಲೆ.

5 ಲಕ್ಷಕ್ಕೆ ಶೇ 7ರಂತೆ ವರ್ಷಕ್ಕೆ 35,000 ರೂಪಾಯಿ. ಟ್ರಸ್ಟ್ ಎಂದರೆ ನೋಂದಣಿ, ಪ್ಯಾನ್, ವರ್ಷವರ್ಷ ಆದಾಯ ತೆರಿಗೆ ವಿವರ, ಲೆಕ್ಕಪರಿಶೋಧಕರ ಶುಲ್ಕ. ನಮಗೆ ಇದಕ್ಕೇ ವರ್ಷಕ್ಕೆ 10,000 ಹೋಗುತ್ತದೆ. ಅದನ್ನು ನಾವು ಒಡಹುಟ್ಟಿದವರು ಕೈಯಿಂದ ಹಾಕುತ್ತೇವೆ. ಅಮ್ಮನ ದುಡ್ಡನ್ನು ಅದಕ್ಕೆ ಮುಟ್ಟಲು ಮನಸ್ಸು ಒಪ್ಪುವುದಿಲ್ಲ.

ತೆರಿಗೆ ವಿನಾಯಿತಿ ಬೇಕಿದ್ದರೆ ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು, ಶೇ 15 ಉಳಿಸಿಕೊಳ್ಳಬಹುದು. ನಿಮ್ಮ ಲೆಕ್ಕದಲ್ಲಿ ಆ ಉಳಿಕೆ 5,250. ಅಂದರೆ ಮೂಲಧನ ಬೆಳೆಯುವುದು ಶೇ 1ರಷ್ಟು ಮಾತ್ರ. ಹಾಸ್ಟೆಲ್ ಶುಲ್ಕದ ಏರಿಕೆ ಅಷ್ಟಕ್ಕೆ ನಿಲ್ಲುತ್ತದೆಯೇ? ನಾನು ಓದಿದ ಶಾಲೆಯಲ್ಲಿ ಹಿಂದೆ ಯಾರೋ 1,000 ರೂಪಾಯಿ ದತ್ತಿ ಇಟ್ಟಿದ್ದರು. ವಾರ್ಷಿಕೋತ್ಸವದಲ್ಲಿ ಇಂದಿಗೂ ಅವರ ಹೆಸರು ಕೂಗಿ ಮಗುವಿನ ಕೈಗೆ ಅರವತ್ತು ಚಿಲ್ಲರೆ ರೂಪಾಯಿಯ ಲಕೋಟೆ ಇಡುತ್ತಾರೆ. ಅದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಅದಕ್ಕೇ ಅಮ್ಮನ ತಿಥಿಯ ದಿನ ನಾವೆಲ್ಲರೂ ಮೂಲಧನಕ್ಕೆ ಒಂದಿಷ್ಟು ಸೇರಿಸುತ್ತೇವೆ.

ಹಾಗೆ ಸೇರಿಸುವಾಗ ‘ಇದು ಮೂಲನಿಧಿಗೆ’ ಎಂದು ದಾನಿಯಿಂದ ಬರೆಸಿಕೊಳ್ಳಿ. ಒಮ್ಮೆ ಚಿಕ್ಕಪ್ಪ 1 ಲಕ್ಷ ಕೊಟ್ಟಾಗ ನಾನು ಪತ್ರ ಪಡೆಯಲಿಲ್ಲ. ಪತ್ರವಿಲ್ಲದ ದಾನ ಆ ವರ್ಷದ ಆದಾಯವೇ ಎಂದರು ಲೆಕ್ಕಪರಿಶೋಧಕರು. ಮಾರ್ಚ್ ಮುಗಿಯುವುದರೊಳಗೆ 85,000 ರೂಪಾಯಿ ಹಂಚಿದೆವು. ಮಕ್ಕಳಿಗೇನೋ ಒಳ್ಳೆಯದಾಯಿತು, ಆದರೆ ಚಿಕ್ಕಪ್ಪ ಬಯಸಿದ್ದು ಅದನ್ನಲ್ಲ.

ನಿಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ಈ ಲೆಕ್ಕ ಹೊರುವವರು ಇದ್ದರೆ ಟ್ರಸ್ಟ್ ಮಾಡಿ. ಇಲ್ಲವೆಂದಾದರೆ ಅಸಲನ್ನೂ ಸೇರಿಸಿ ಹತ್ತು ವರ್ಷಗಳಲ್ಲಿ ಕೊಟ್ಟು ಮುಗಿಸಿ. ಅದೇ ಶೇ 7ರ ಬಡ್ಡಿಯಲ್ಲಿ, ತೆರಿಗೆಯನ್ನು ಲೆಕ್ಕಕ್ಕೆ ಹಿಡಿಯದೆ, ವರ್ಷಕ್ಕೆ ಸುಮಾರು 71,000 ಕೊಡಬಹುದು; ಬರೀ ಬಡ್ಡಿಯ ಎರಡರಷ್ಟು. ನಿಮ್ಮದೇ ಖಾತೆಯಿಂದ ನೇರವಾಗಿ ಕಾಲೇಜಿಗೆ ಕಟ್ಟಬಹುದು, ಟ್ರಸ್ಟ್ ಬೇಕಿಲ್ಲ. ಹತ್ತು ಮಕ್ಕಳಿಗೆ ಚೂರುಚೂರು ಹಂಚಬೇಡಿ. ಒಬ್ಬ ಹುಡುಗಿಯನ್ನು ಪಿಯುಸಿಯಿಂದ ಪದವಿಯವರೆಗೆ ಓದಿಸಿ, ಆಮೇಲೆ ಇನ್ನೊಬ್ಬಳನ್ನು.