ಜಮಖಂಡಿಯ ಲೇಖಕಿಗೆ: ಓಟದ ಲೇಖನ ಯಾಕೆ ವಾಪಸ್ ಕಳಿಸಿದೆ

ತಂಗಿ, ನಮಸ್ಕಾರ.

‘ದೂರ ಹೆಚ್ಚಿದಷ್ಟೂ ಹೆಣ್ಣೇ ಮುಂದು’ ಲೇಖನ ಓದಿದೆ. ಈಗಿರುವ ಹಾಗೆ ನಮ್ಮ ಪುರವಣಿಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ಕಸದ ಬುಟ್ಟಿಗೂ ಹಾಕಿಲ್ಲ. ಕೊನೆಯ ಎರಡು ಪುಟದಲ್ಲಿ ಬೇರೆಯದೇ ಒಂದು ಲೇಖನ ಕೂತಿದೆ. ಅದರ ಮಾತು ಆಮೇಲೆ. ಮೊದಲು ಜಗಳ ಮುಗಿಸೋಣ.

ನಿಮ್ಮ ವಾದ ಇಷ್ಟು: ಮ್ಯಾರಥಾನ್‌ವರೆಗೆ, ಅಂದರೆ ಸುಮಾರು 42 ಕಿ.ಮೀ.ವರೆಗೆ ಗಂಡಸರು ಮುಂದೆ. ಅಲ್ಲಿಂದಾಚೆ ಅಂತರ ಕರಗುತ್ತಾ ಹೋಗುತ್ತದೆ. 195 ಮೈಲಿ ದಾಟಿದರೆ ಹೆಂಗಸರೇ ಗೆಲ್ಲುತ್ತಾರೆ. (ಮೈಲಿ ಬೇಡ, ಸುಮಾರು 314 ಕಿ.ಮೀ. ಎಂದು ಬರೆಯಿರಿ.) ಈ ಲೆಕ್ಕ ಬಂದದ್ದು 2020ರ ಒಂದು ವರದಿಯಿಂದ. ಅದರಲ್ಲಿ 50 ಲಕ್ಷಕ್ಕೂ ಹೆಚ್ಚು ಫಲಿತಾಂಶಗಳನ್ನು ಒಟ್ಟು ಹಾಕಿ ನೋಡಿದ್ದರು. ಅಷ್ಟು ದೂರದ ಓಟಗಳಲ್ಲಿ ಹೆಂಗಸರ ಸರಾಸರಿ ವೇಗ ಗಂಡಸರಿಗಿಂತ ಶೇ 0.6ರಷ್ಟು ಜಾಸ್ತಿ ಎಂದು ಅದು ಹೇಳಿತು. ನೀವು ‘ಸರಾಸರಿ’ಯನ್ನು ಬಿಟ್ಟು ‘ಗೆಲ್ಲುತ್ತಾರೆ’ ಎಂದು ಬರೆದಿದ್ದೀರಿ. ಎಡವಟ್ಟಾದದ್ದು ಅಲ್ಲೇ.

ನಮ್ಮ ಅಜ್ಜಿಯರ ಕಾಲದ ಮುಲ್ಕಿ ಪರೀಕ್ಷೆ, ಅಂದರೆ ಏಳನೇ ತರಗತಿಯ ಪರೀಕ್ಷೆ ನೆನಪಿಸಿಕೊಳ್ಳಿ. ಊರಿಗೆ ಒಬ್ಬಳೋ ಇಬ್ಬರೋ ಹುಡುಗಿಯರು ಕೂರುತ್ತಿದ್ದರು. ಮನೆಯವರ ಜೊತೆ ಹೋರಾಡಿ ಅಲ್ಲಿಯವರೆಗೆ ಬಂದವಳು ಜಾಣೆಯೇ ಆಗಿರಬೇಕಲ್ವಾ? ಹುಡುಗರಾದರೆ ಜಾಣ, ದಡ್ಡ ಎಲ್ಲರೂ ಇದ್ದರು. ಆಗ ಸರಾಸರಿ ತೆಗೆದಿದ್ದರೆ ಹುಡುಗಿಯರದೇ ಮೇಲೆ ಬರುತ್ತಿತ್ತು. ಅತಿ ದೂರದ ಓಟದಲ್ಲೂ ಇದೇ ಕಥೆ. ಓಟ ಶುರುವಾಗುವ ಗೆರೆಯ ಮೇಲೆ ನಿಲ್ಲುವ ಹೆಂಗಸರು ಈಗಲೂ ಕಡಿಮೆ. ಬಂದವರು ಪಳಗಿದವರು. ಗಂಡಸರಲ್ಲಿ ಸುಮ್ನೆ ಹುಮ್ಮಸ್ಸಿಗೆ ಹೆಸರು ಕೊಟ್ಟವರೂ ಸೇರಿರುತ್ತಾರೆ.

ಸರಾಸರಿ ಬಿಟ್ಟು ತುದಿಯಲ್ಲಿರುವವರನ್ನು ನೋಡಿ. 2023ರಲ್ಲಿ ಕೀನ್ಯಾದ ಓಟಗಾರ ಕೆಲ್ವಿನ್ ಕಿಪ್ಟುಮ್ ಶಿಕಾಗೋದಲ್ಲಿ ಮ್ಯಾರಥಾನನ್ನು 2 ಗಂಟೆ 35 ಸೆಕೆಂಡಿನಲ್ಲಿ ಓಡಿದರು. ಅದೇ ವರ್ಷ ಬರ್ಲಿನ್‌ನಲ್ಲಿ ಇಥಿಯೋಪಿಯಾದ ಓಟಗಾರ್ತಿ ಟಿಗಿಸ್ಟ್ ಅಸೆಫಾ ತೆಗೆದುಕೊಂಡದ್ದು 2 ಗಂಟೆ 11 ನಿಮಿಷ 53 ಸೆಕೆಂಡು. ಅಂತರ ಶೇ 9ರ ಆಸುಪಾಸು. ಈಗ 24 ಗಂಟೆ ಓಟಕ್ಕೆ ಬನ್ನಿ. 2022ರಲ್ಲಿ ಲಿಥುವೇನಿಯಾದ ಅಲೆಕ್ಸಾಂಡರ್ ಸೊರೊಕಿನ್ 319.614 ಕಿ.ಮೀ. ಓಡಿದರು. 2023ರಲ್ಲಿ ಜಪಾನಿನ ಓಟಗಾರ್ತಿ ಮಿಹೊ ನಕಾಟಾ 270.363 ಕಿ.ಮೀ. ಓಡಿದರು. ಅಂತರ ಶೇ 15. ಕಡಿಮೆಯಾಗುವ ಬದಲು ಹೆಚ್ಚಾಗಿದೆ! ಇದನ್ನೂ ಹಾಗೇ ನಂಬಬೇಡಿ. ಸೊರೊಕಿನ್ ಅಪರೂಪದ ಓಟಗಾರ, ಓಡುವ ಹೆಂಗಸರ ಸಂಖ್ಯೆಯೂ ಸಣ್ಣದು. ಆದರೆ ನಿಮ್ಮ ಮಾತಿಗೆ ಎದುರು ನಿಲ್ಲುವ ಅಂಕಿಯನ್ನು ನೀವೇ ಓದುಗರ ಮುಂದೆ ಇಡಬೇಕು. ಇಲ್ಲದಿದ್ದರೆ ವಾರದೊಳಗೆ ಯಾರೋ ಪತ್ರ ಬರೆದು ಇಡುತ್ತಾರೆ.

ಹಳೇ ದಾಖಲೆಗಳ ಗೆರೆಯನ್ನು ಹಾಗೇ ಮುಂದಕ್ಕೆ ಎಳೆದು ಭವಿಷ್ಯ ಹೇಳುವ ಆಸೆ ದೊಡ್ಡ ವಿಜ್ಞಾನಿಗಳಿಗೂ ಬಂದಿತ್ತು. 1992ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿಪ್ ಮತ್ತು ವಾರ್ಡ್ ಎಂಬಿಬ್ಬರು ಹೀಗೇ ಲೆಕ್ಕ ಹಾಕಿದರು. 1998ರ ಹೊತ್ತಿಗೆ ಮ್ಯಾರಥಾನ್‌ನಲ್ಲಿ ಹೆಂಗಸರು ಗಂಡಸರನ್ನು ಹಿಡಿಯಬಹುದು ಎಂದರು. ಹಿಡಿಯಲಿಲ್ಲ. ಹೆಂಗಸರ ದಾಖಲೆ ಅಷ್ಟು ವೇಗವಾಗಿ ಇಳಿದದ್ದಕ್ಕೆ ಒಂದು ದೊಡ್ಡ ಕಾರಣ, ಅವರಿಗೆ ಬಾಗಿಲು ತೆರೆದದ್ದೇ ಆಗ. 1928ರ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಓಡಿಸಿ, ಹೆಂಗಸರಿಗೆ ಇದು ಆಗದ ಮಾತು ಎಂದು ತೆಗೆದುಹಾಕಿದ್ದರು. ವಾಪಸ್ ಬಂದದ್ದು 1960ರಲ್ಲಿ. ಮಹಿಳೆಯರ ಮ್ಯಾರಥಾನ್ ಬಂದದ್ದು 1984ರಲ್ಲಿ. ಇದರ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ.

ದೇಹದ ವಿಷಯ ಬರೆದಿರುವ ಭಾಗ ಅರ್ಧ ಚೆನ್ನಾಗಿದೆ. ಒಂದೇ ಮಟ್ಟದ ಶ್ರಮದಲ್ಲಿ ಹೆಂಗಸರ ದೇಹ ಕೊಬ್ಬನ್ನು ಹೆಚ್ಚು ಉರಿಸುತ್ತದೆ, ಸ್ನಾಯುಗಳು ನಿಧಾನಕ್ಕೆ ದಣಿಯುತ್ತವೆ, ವೇಗವನ್ನು ಒಂದೇ ಸಮ ಕಾಯ್ದುಕೊಳ್ಳುವುದರಲ್ಲೂ ಅವರು ಮೇಲು. ಸರಿ. ಇನ್ನರ್ಧ ಎಲ್ಲಿ? ಗಂಡಸರ ಹೃದಯ ದೊಡ್ಡದು, ರಕ್ತದಲ್ಲಿ ಹಿಮೋಗ್ಲೋಬಿನ್ ಜಾಸ್ತಿ, ಅದರಿಂದ ಸ್ನಾಯುಗಳಿಗೆ ಆಮ್ಲಜನಕ ಜಾಸ್ತಿ ಸಿಗುತ್ತದೆ. ಎರಡು ದಿನ, ಮೂರು ದಿನದ ಓಟದಲ್ಲಿ ಆಮ್ಲಜನಕದ ಜೊತೆಗೆ ಹೊಟ್ಟೆ, ನಿದ್ದೆ, ಪಾದದ ಬೊಕ್ಕೆ, ದಾರಿ ತಪ್ಪುವುದು ಎಲ್ಲವೂ ಆಟಕ್ಕೆ ಇಳಿಯುತ್ತವೆ. ಹಾಗಾಗಿಯೇ ಕೆಲವು ಸಲ ಒಬ್ಬ ಹೆಣ್ಣುಮಗಳು ಎಲ್ಲರನ್ನೂ ಹಿಂದೆ ಹಾಕುತ್ತಾಳೆ. 2017ರಲ್ಲಿ ಅಮೆರಿಕದ ಮೋಆಬ್‌ನಲ್ಲಿ ಕೋರ್ಟ್ನಿ ಡೌವಾಲ್ಟರ್ ಸುಮಾರು 383 ಕಿ.ಮೀ. ಓಟವನ್ನು ಹತ್ತಿರ ಹತ್ತಿರ 10 ಗಂಟೆ ಅಂತರದಲ್ಲಿ ಗೆದ್ದರು. ಅದೇ ಡೌವಾಲ್ಟರ್ 2023ರಲ್ಲಿ ಅಮೆರಿಕದ ಸುಮಾರು 160 ಕಿ.ಮೀ. ವೆಸ್ಟರ್ನ್ ಸ್ಟೇಟ್ಸ್ ಓಟದಲ್ಲಿ ಮಹಿಳಾ ದಾಖಲೆ ಮುರಿದರು, ಒಟ್ಟಾರೆ ಆರನೆಯವರಾಗಿ ಬಂದರು. ಎರಡನ್ನೂ ಬರೆಯಿರಿ.

ಇನ್ನು ‘ಹೆರಿಗೆ ನೋವು ತಿಂದವಳಿಗೆ 300 ಕಿ.ಮೀ. ಯಾವ ಲೆಕ್ಕ’ ಎಂಬ ಸಾಲು. ವೇದಿಕೆ ಮೇಲೆ ಚಪ್ಪಾಳೆ ಬೀಳುತ್ತದೆ, ಕಾಗದದ ಮೇಲೆ ನಿಲ್ಲುವುದಿಲ್ಲ. ‘ಮಾತೃಶಕ್ತಿ’ ಕಂಡಲ್ಲೆಲ್ಲ ಕೆಂಪು ಗೆರೆ ಎಳೆದಿದ್ದೇನೆ, ಸಿಟ್ಟಾಗಬೇಡಿ. ಅದರ ಬದಲು ಬ್ರಿಟನ್ನಿನ ಓಟಗಾರ್ತಿ ಜಾಸ್ಮಿನ್ ಪ್ಯಾರಿಸ್ ಅವರ ಸಂಗತಿಯನ್ನು ಹಾಗೇ ಹೇಳಿ. 2019ರ ಜನವರಿ ಚಳಿಯಲ್ಲಿ ಬ್ರಿಟನ್ನಿನ ಸ್ಪೈನ್ ರೇಸ್, 431 ಕಿ.ಮೀ. ಮನೆಯಲ್ಲಿ ಹಾಲು ಕುಡಿಯುವ ಮಗು. ನಡುವಿನ ತಂಗುದಾಣಗಳಲ್ಲಿ ಎದೆಹಾಲು ತೆಗೆಯುತ್ತಲೇ 83 ಗಂಟೆ ಚಿಲ್ಲರೆಯಲ್ಲಿ ಮುಗಿಸಿ, ಗಂಡಸರ ದಾಖಲೆಯನ್ನೂ ಮುರಿದರು. 2024ರಲ್ಲಿ ಜ್ಯಾಕ್ ಸ್ಕಾಟ್ ಸುಮಾರು 73 ಗಂಟೆಯಲ್ಲಿ ಮುಗಿಸಿ ದಾಖಲೆಯನ್ನು ಇನ್ನೂ ಕೆಳಗಿಳಿಸಿದರು. ಅದರಿಂದ ಪ್ಯಾರಿಸ್ ಸಣ್ಣವರಾಗಲಿಲ್ಲ, ಅಲ್ವಾ? ಅದೇ 2024ರಲ್ಲಿ ಪ್ಯಾರಿಸ್ ಅಮೆರಿಕದ ಕಾಡುಗುಡ್ಡಗಳ ಬಾರ್ಕ್ಲಿ ಓಟ ಮುಗಿಸಿದ ಮೊದಲ ಮಹಿಳೆಯಾದರು. 60 ಗಂಟೆಯ ಗಡುವಿಗೆ ಉಳಿದಿದ್ದದ್ದು 99 ಸೆಕೆಂಡು.

ಈಗ ಆ ಕೊನೆಯ ಎರಡು ಪುಟ. ಯುಗಾದಿ ಮುಂದೆ ಶ್ರೀಶೈಲಕ್ಕೆ ಭಕ್ತರು ಹೆಗಲ ಮೇಲೆ ಹೊರುವ ಕಂಬಿ ಜೊತೆ ನಡೆದು ಹೋದ ನಿಮ್ಮ ಚಿಕ್ಕಮ್ಮ ಅಲ್ಲಿದ್ದಾರೆ. ಮಾರ್ಚ್ ಬಿಸಿಲು, ಕಾಲಿಗೆ ಸುತ್ತಿದ ಹಳೇ ಸೀರೆ ತುಂಡು, ದಾರಿಯಲ್ಲಿ ಊರವರು ಕೊಟ್ಟ ಮಜ್ಜಿಗೆ. ಭಾಳ ಚಂದ ಬರೆದಿದ್ದೀರಿ. ಆದರೆ ಅದನ್ನು ‘ಹೆಂಗಸರ ತಾಳಿಕೆಗೆ ಸಾಕ್ಷಿ’ ಎಂದು ಕಟ್ಟಿಹಾಕಿದ್ದೀರಿ. ಪಾದಯಾತ್ರೆ ಓಟವಲ್ಲ, ಅಲ್ಲಿ ಗಡಿಯಾರ ಹಿಡಿದು ಯಾರೂ ನಿಂತಿರುವುದಿಲ್ಲ. ನನಗೆ ಅವರಿಂದ ಬೇಕಾದದ್ದು ಬೇರೆ. ಹೋಗುತ್ತೇನೆ ಎಂದಾಗ ಮನೆಯಲ್ಲಿ ಯಾರು ಏನಂದರು? ಅಷ್ಟು ದಿನ ರೊಟ್ಟಿ ಬಡಿದವರು ಯಾರು? ರಾತ್ರಿ ಎಲ್ಲಿ ಮಲಗಿದರು, ಬಯಲಿಗೆ ಹೇಗೆ ಹೋದರು? ಜೊತೆಗೆ ಬರಬೇಕೆಂದಿದ್ದು ಬರಲಾಗದೆ ಉಳಿದವರು ಯಾರು? ಇದೇ ಪ್ರಶ್ನೆಗಳನ್ನು ನಿಮ್ಮೂರಿನ ಮೈದಾನದಲ್ಲಿ ಬೆಳಗ್ಗೆ ಓಡುವ ಹುಡುಗಿಯರಿಗೂ ಕೇಳಿ. ಎಷ್ಟು ಗಂಟೆಗೆ ಬರುತ್ತಾರೆ, ಯಾರ ಜೊತೆ ಬರುತ್ತಾರೆ, ಮದುವೆಯಾದ ಮೇಲೆ ಎಷ್ಟು ಮಂದಿ ಬರುತ್ತಾರೆ. ಗೆರೆಯ ಮೇಲೆ ಹೆಂಗಸರು ಯಾಕೆ ಕಡಿಮೆ ಎಂಬುದಕ್ಕೆ ವಿದೇಶದ ವರದಿಗಿಂತ ಒಳ್ಳೆಯ ಉತ್ತರ ಜಮಖಂಡಿಯಲ್ಲೇ ಸಿಗುತ್ತದೆ.

ಹಾಗಾಗಿ ಚಿಕ್ಕಮ್ಮನಿಂದ ಶುರು ಮಾಡಿ, ಅಂಕಿಗಳನ್ನು ನಡುವೆ ತನ್ನಿ, ಶೀರ್ಷಿಕೆ ಬದಲಿಸಿ. 900 ಪದ ಸಾಕು. ಯುಗಾದಿಗೆ ಮುಂಚಿನ ಭಾನುವಾರಕ್ಕೆ ಜಾಗ ಇಟ್ಟಿದ್ದೇನೆ, ಫೆಬ್ರುವರಿ ಮುಗಿಯುವುದರೊಳಗೆ ಬರಲಿ. ಚಿಕ್ಕಮ್ಮನ ಫೋಟೊ ಹಾಕುವುದಾದರೆ ಅವರನ್ನು ಕೇಳಿಯೇ ಕಳಿಸಿ. ಮತ್ತೆ ದಯವಿಟ್ಟು ಯುನಿಕೋಡ್‌ನಲ್ಲಿ ಟೈಪ್ ಮಾಡಿ. ಹೋದ ಸಲದ ಫೈಲು ಇಲ್ಲಿ ತೆರೆದಾಗ ಬರೀ ಚೌಕಗಳೇ ಬಂದವು.