ಕೊಲೋನ್‌ಗೆ ಬರುವಾಗ ಯಾವ ಪುಡಿ ತರಬೇಕು ಎಂದು ಕೇಳಿದ ತಮ್ಮನಿಗೆ

ತಮ್ಮಾ,

ಜರ್ಮನಿಯ ಕೊಲೋನ್‌ನಲ್ಲಿ ಓದುತ್ತಲೇ ಇಲ್ಲಿನ ಕ್ಲಬ್ಬೊಂದರ ಪರವಾಗಿ ಸೈಕಲ್ ರೇಸಿಗೆ ಇಳಿಯುವವನಿದ್ದೀಯೆ. ವಿಜಯಪುರದಿಂದ ಬರುವಾಗ ಯಾವ ಪ್ರೋಟೀನ್ ಪುಡಿ ತರಬೇಕು, ಇಲ್ಲಿಯವರ ಸಮಕ್ಕೆ ನಿಲ್ಲಲು ಇನ್ನೇನು ತೆಗೆದುಕೊಳ್ಳಬೇಕು ಎಂದು ಕೇಳಿದ್ದೀಯೆ. ನಾನು ಬಾಗಲಕೋಟೆಯವನು, ಈ ಊರಿನಲ್ಲಿ ನೆಲೆಸಿ ಬಹಳ ವರ್ಷಗಳಾದವು. ವಿಮೆ, ಬ್ಯಾಂಕ್ ಖಾತೆ, ವಿಳಾಸದ ನೋಂದಣಿಗಳನ್ನು ವಿಶ್ವವಿದ್ಯಾಲಯದವರೇ ತಿಳಿಸಿಕೊಡುತ್ತಾರೆ. ಪುಡಿಯ ಪ್ರಶ್ನೆಗೆ ಮಾತ್ರ ಸಾವಕಾಶವಾಗಿ ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ನನಗೆ ಹಸಿವಿಗಿಂತ ಅಂಜಿಕೆಯೇ ಹೆಚ್ಚಾಗಿ ಕಂಡಿತು.

ನಮ್ಮ ಕಡೆ ಗೆದ್ದು ಬಂದವನು ಇಲ್ಲಿ ಮೊದಲ ಕೆಲವು ತಿಂಗಳು ಹಿಂದೆ ಬೀಳುವುದು ಸಹಜ. ಚಳಿ, ಒಂಟಿತನ, ರೊಟ್ಟಿಯಿಲ್ಲದ ಊಟ, ಸಾಲ ಮಾಡಿ ಕಳಿಸಿದ ಮನೆಯವರ ನಿರೀಕ್ಷೆ, ಇವೆಲ್ಲ ಸೇರಿ ತನ್ನಲ್ಲೇ ಏನೋ ಕಡಿಮೆಯಿದೆ ಎಂಬ ಭಾವನೆ ಹುಟ್ಟಿಸುತ್ತವೆ. ಆ ಹೊತ್ತಿಗೆ ಮುಂದೆ ಹೋದವನ ಚೀಲದಲ್ಲಿ ಡಬ್ಬಿಯೊಂದು ಕಂಡರೆ ಅವನ ವೇಗಕ್ಕೆ ಅದೇ ಕಾರಣವೆನ್ನಿಸುತ್ತದೆ; ಬಾಲ್ಯದಿಂದ ಅವನು ತುಳಿದ ದಾರಿ ನಮಗೆ ಕಾಣುವುದಿಲ್ಲ. ‘ಎಲ್ಲರೂ ತೆಗೆದುಕೊಳ್ಳುತ್ತಾರೆ’ ಎಂಬ ಮಾತನ್ನೂ ನೀನು ಕೇಳುವೆ. ನಿಷಿದ್ಧ ಪದಾರ್ಥ ಬಳಸುವವರೇ ಉಳಿದವರೂ ಬಳಸುತ್ತಾರೆಂದು ಹೆಚ್ಚಾಗಿ ಅಂದಾಜಿಸುತ್ತಾರೆ ಎಂಬುದನ್ನು ಕ್ರೀಡಾ ಮನಶ್ಶಾಸ್ತ್ರಜ್ಞರು ಗುರುತಿಸಿದ್ದಾರೆ. ಹಾಗೆ ಅಂದಾಜಿಸಿದರೆ ತಪ್ಪಿನ ಭಾರ ಹಗುರವಾಗುತ್ತದೆ. ನಿನ್ನೆಯ ತನಗಿಂತ ಚೆನ್ನಾಗಿ ಓಡಿಸಬೇಕೆನ್ನುವವನಿಗಿಂತ, ಪಕ್ಕದವನನ್ನು ಸೋಲಿಸಿದರೆ ಮಾತ್ರ ತನಗೆ ಬೆಲೆ ಎಂದುಕೊಂಡವನು ಈ ದಾರಿಗೆ ಬೇಗ ವಾಲುತ್ತಾನೆ. ಪುಡಿ ತಿನ್ನುವವರೆಲ್ಲ ಡೋಪಿಂಗ್‌ಗೆ, ಅಂದರೆ ನಿಷಿದ್ಧ ಪದಾರ್ಥಗಳಿಗೆ, ಹೋಗುತ್ತಾರೆಂದು ನಾನು ಹೇಳಲಾರೆ. ಆದರೆ ಶಕ್ತಿ ಡಬ್ಬಿಯಿಂದ ಬರುತ್ತದೆಂದು ಒಮ್ಮೆ ನಂಬಿದ ಮನಸ್ಸು, ಫಲ ಕಾಣದಿದ್ದಾಗ ಇನ್ನೂ ಬಲವಾದ ಡಬ್ಬಿಯನ್ನೇ ಹುಡುಕುತ್ತದೆ.

ಆ ನಂಬಿಕೆಗೆ ಎಷ್ಟು ಬಲವಿದೆ ನೋಡು. 1972ರಲ್ಲಿ ಪ್ರಕಟವಾದ ಏರಿಯಲ್ ಮತ್ತು ಸಾವಿಲ್ ಅವರ ಪ್ರಯೋಗದಲ್ಲಿ, ಭಾರ ಎತ್ತುವ ಯುವಕರಿಗೆ ಸ್ನಾಯು ಬೆಳೆಸುವ ಸ್ಟಿರಾಯ್ಡ್ ಎಂದು ಹೇಳಿ ಔಷಧವೇ ಇಲ್ಲದ ಗುಳಿಗೆ ಕೊಡಲಾಗಿತ್ತು. ಅಷ್ಟಕ್ಕೇ ಅವರು ಎತ್ತುವ ಭಾರ ಮೊದಲಿಗಿಂತ ಬೇಗ ಏರಿತು.

ಇನ್ನು ಡಬ್ಬಿಯ ಒಳಗಿನ ವಿಷಯ. ಇದೇ ಊರಿನ ಕ್ರೀಡಾ ವಿಶ್ವವಿದ್ಯಾಲಯದ ಪ್ರಯೋಗಾಲಯವು 2000–2001ರಲ್ಲಿ 13 ದೇಶಗಳಿಂದ ತರಿಸಿದ 634 ಪೂರಕಗಳನ್ನು (ಪುಡಿ, ಗುಳಿಗೆಯಂಥ ಪೂರಕ ಆಹಾರಗಳನ್ನು) ಪರೀಕ್ಷಿಸಿದಾಗ, 94ರಲ್ಲಿ ಲೇಬಲ್ ಮೇಲೆ ನಮೂದಿಸದ ಹಾರ್ಮೋನು ಸಂಬಂಧಿ ಪದಾರ್ಥಗಳು ಸಿಕ್ಕವು. ಡೋಪಿಂಗ್ ಪರೀಕ್ಷೆಯ ವೇಳೆ ಮೂತ್ರದಲ್ಲಿ ಇಂಥ ನಿಷಿದ್ಧ ಪದಾರ್ಥ ಸಿಕ್ಕರೆ, ಅದು ಹೇಗೆ ಬಂತೆಂಬುದು ತಿಳಿಯದಿದ್ದರೂ ಜವಾಬ್ದಾರಿ ಆಟಗಾರನದೇ. ಜರ್ಮನಿಯಲ್ಲಿಯೂ ಭಾರತದಲ್ಲಿಯೂ ಇದೇ ನಿಯಮ. ಆದ್ದರಿಂದ ಊರಿನ ಜಿಮ್‌ನಲ್ಲಿ ಯಾರೋ ಕೊಟ್ಟ ಪುಡಿಯನ್ನು ದಯವಿಟ್ಟು ತರಬೇಡ.

ಶೇಂಗಾ ಹಿಂಡಿ, ಜೋಳದ ಹಿಟ್ಟು ತಂದರೆ ಸಂತೋಷ. ಇಲ್ಲಿ ಕ್ವಾರ್ಕ್ ಎಂಬ ಗಟ್ಟಿ ಮೊಸರಿನಂಥದು ಎಲ್ಲ ಅಂಗಡಿಗಳಲ್ಲೂ ಅಗ್ಗಕ್ಕೆ ಸಿಗುತ್ತದೆ. ಕೊಬ್ಬು ತೆಗೆದದ್ದರಲ್ಲಿ 100 ಗ್ರಾಮಿಗೆ ಸುಮಾರು 12 ಗ್ರಾಂ ಪ್ರೋಟೀನ್ ಇರುತ್ತದೆ. ದಣಿವು ಬಿಡದಿದ್ದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ ಕಬ್ಬಿಣಾಂಶ, ವಿಟಮಿನ್ ಡಿ ನೋಡಿಸು. ಪೂರಕ ಬೇಕೆಂದು ವೈದ್ಯರೇ ಹೇಳಿದರೆ, ಪರೀಕ್ಷೆಗೊಳಗಾದ ಉತ್ಪನ್ನಗಳ ‘ಕೋಲ್ನರ್ ಲಿಸ್ಟೆ’ಯಲ್ಲಿ ಅದಿದೆಯೇ ಎಂದು ನೋಡಿಕೊಂಡು ತೆಗೆದುಕೋ. ನೆಗಡಿಯ ಗುಳಿಗೆ ಕೊಳ್ಳುವಾಗಲೂ ನೀನು ಸ್ಪರ್ಧಿಸುವವನೆಂದು ಔಷಧದಂಗಡಿಯಲ್ಲಿ ಹೇಳು. ಅಂಥ ಕೆಲವು ಗುಳಿಗೆಗಳಲ್ಲಿರುವ ಸ್ಯೂಡೋಎಫೆಡ್ರಿನ್ ಸ್ಪರ್ಧೆಯ ವೇಳೆ ಮಿತಿ ಮೀರಿದರೆ ನಿಷಿದ್ಧ.