ಬಾಳೆಯ ಒಣ ಎಲೆಯೊಳಗೆ ಕೇಸರಿ ಬಾವಲಿ

ಪ್ರಶ್ನೆ: ಅಡಕೆ ತೋಟದ ನಡುವಿನ ಬಾಳೆಗಳ ಒಣ ಎಲೆ ಕೊಯ್ಯುವಾಗ ಕೇಸರಿ ಬಣ್ಣದ, ರೆಕ್ಕೆಯಲ್ಲಿ ಕಪ್ಪು ಇರುವ ಪುಟ್ಟ ಬಾವಲಿಯೊಂದು ಹಾರಿಹೋಯಿತು. ಮೊಬೈಲಿನಲ್ಲಿ ಹುಡುಕಿದರೆ ಇಂಡೋನೇಷ್ಯಾದ ಚಿತ್ರಗಳೇ ಬರುತ್ತವೆ. ಅದು ಇಲ್ಲಿಗೆ ಹೇಗೆ ಬಂತು? ಅಡಕೆ ಚೀಪಿ ಉದುರಿಸುವುದು ಇದೇ ಬಾವಲಿಯೇ? ನಿಪಾ ಸುದ್ದಿ ಕೇಳಿದಂದಿನಿಂದ ಮನೆಯವರಿಗೆ ಹೆದರಿಕೆ.
– ಓದುಗರೊಬ್ಬರು, ಬದಿಯಡ್ಕ

ಉತ್ತರ: ನಿಮ್ಮ ವರ್ಣನೆ ಬಣ್ಣದ ಬಾವಲಿಗೆ, ಶಾಸ್ತ್ರೀಯವಾಗಿ ಕೆರಿವೌಲ ಪಿಕ್ಟಾ ಎನ್ನುವ ಜಾತಿಗೆ, ಚೆನ್ನಾಗಿ ಹೊಂದುತ್ತದೆ. ಅದು ಎಲ್ಲಿಂದಲೋ ಬಂದದ್ದಲ್ಲ, ಇಲ್ಲಿಯದೇ. ಭಾರತ, ಶ್ರೀಲಂಕಾ, ನೇಪಾಳ, ಬಾಂಗ್ಲಾದೇಶಗಳಿಂದ ಹಿಡಿದು ಮ್ಯಾನ್ಮಾರ್, ಥಾಯ್ಲೆಂಡ್, ವಿಯೆಟ್ನಾಂ, ದಕ್ಷಿಣ ಚೀನಾ ಹಾಗೂ ಇಂಡೋನೇಷ್ಯಾದ ದ್ವೀಪಗಳವರೆಗೆ ಅದರ ಸಹಜ ನೆಲೆ ಹಬ್ಬಿದೆ. ಕೇರಳ, ಕರ್ನಾಟಕಗಳೆರಡರಲ್ಲೂ ಅದು ದಾಖಲಾಗಿದೆ. ಆದರೆ ನೆಲೆ ಇಷ್ಟು ವಿಶಾಲವಾಗಿದ್ದರೂ ಎಲ್ಲೆಡೆ ಒಂದೇ ಸಮನೆ ಕಾಣಸಿಗುವುದಿಲ್ಲ, ಅಲ್ಲೊಂದು ಇಲ್ಲೊಂದು ಎಂಬಂತೆ ಚದುರಿಕೊಂಡಿದೆ. ಇಂಡೋನೇಷ್ಯಾದ ನಂಟಿಗೆ ಹಳೆಯದೊಂದು ಕಾರಣವೂ ಉಂಟು: ಜರ್ಮನ್ ವಿಜ್ಞಾನಿ ಪಲ್ಲಾಸ್ 1767ರಲ್ಲಿ ಈ ಜಾತಿಯನ್ನು ಹೆಸರಿಸಿದ್ದು ಅಲ್ಲಿನ ಟೆರ್ನಾಟೆ ದ್ವೀಪದ ಮಾದರಿಯನ್ನು ಆಧರಿಸಿ.

ಅದರ ತೂಕ ಸುಮಾರು 5 ಗ್ರಾಂ ಮಾತ್ರ. ಮೈಯ ರೋಮ ಕಿತ್ತಳೆ ಬಣ್ಣದ್ದು. ರೆಕ್ಕೆಯ ಬೆರಳೆಲುಬುಗಳ ಉದ್ದಕ್ಕೂ ಅದೇ ಬಣ್ಣ ಇಳಿದು, ನಡುವಿನ ತೊಗಲು ಕಪ್ಪಾಗಿರುತ್ತದೆ. ಹಾರುವಾಗ ಎದ್ದುಕಾಣುವ ಈ ಬಣ್ಣ, ಬಾಳೆಯಲ್ಲಿ ಜೋತುಬಿದ್ದು ಸುರುಳಿಯಾದ ಒಣ ಎಲೆಯೊಳಗೆ ರೆಕ್ಕೆ ಮಡಚಿ ಕುಳಿತಾಗ ಮರೆಯಾಗುತ್ತದೆ. ಹಗಲಿಡೀ ಒಂಟಿಯಾಗಿಯೋ ಜೋಡಿಯಾಗಿಯೋ ಅದು ಹಾಗೆ ಅವಿತಿರುವುದರಿಂದ, ಎಲೆಗೆ ಕತ್ತಿ ತಾಗುವ ತನಕ ತೋಟದವರ ಕಣ್ಣಿಗೆ ಬೀಳುವುದು ಅಪರೂಪವೇ.

ಅಡಕೆಯ ವಿಚಾರದಲ್ಲಿ ಅದರ ಮೇಲೆ ಆರೋಪ ಹೊರಿಸುವಂತಿಲ್ಲ. ಅದರ ಆಹಾರ ಕೀಟಗಳು. ಹಣ್ಣಡಕೆಯ ಸಿಪ್ಪೆ ಚೀಪುವುದು, ಗೇರುಹಣ್ಣು ತಿಂದು ಬೀಜ ಉದುರಿಸುವುದು ಹಣ್ಣುಬಾವಲಿಗಳ ಕೆಲಸ. ನಮ್ಮಲ್ಲಿ ನಿಪಾ ವೈರಾಣುವಿನ ಸಹಜ ಆಶ್ರಯವೆಂದು ಗುರುತಿಸಿರುವುದು ರೆಕ್ಕೆ ಬಿಚ್ಚಿದರೆ ಒಂದು ಮೀಟರಿಗೂ ಮಿಕ್ಕುವ, ದೊಡ್ಡ ಮರಗಳಲ್ಲಿ ಗುಂಪಾಗಿ ನೇತಾಡುವ ದೊಡ್ಡ ಹಣ್ಣುಬಾವಲಿಯನ್ನು. 2018ರಲ್ಲಿ ಕೋಳಿಕ್ಕೋಡಿನಲ್ಲಿ ರೋಗ ಕಾಣಿಸಿಕೊಂಡಾಗ ವೈರಾಣು ಪತ್ತೆಯಾದದ್ದೂ ಆ ಜಾತಿಯಲ್ಲೇ. ಹಾಗೆಂದು ಚೀಪಿಬಿಟ್ಟ ಹಣ್ಣನ್ನು ತಿನ್ನಬಾರದು. ಬಿದ್ದ ಅಡಕೆ, ಗೇರುಬೀಜ ಹೆಕ್ಕಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಬಣ್ಣದ ಬಾವಲಿಯೇ ಆಗಲಿ, ಯಾವ ಬಾವಲಿಯನ್ನೂ ಬರಿಗೈಯಲ್ಲಿ ಮುಟ್ಟುವುದು ಬೇಡ.

ನಿಜಕ್ಕೂ ಭಯಪಡಬೇಕಾದದ್ದು ನಾವಲ್ಲ, ಈ ಬಣ್ಣದ ಬಾವಲಿಯೇ ಎನ್ನಬೇಕು. ಬಣ್ಣಕ್ಕೆ ಮರುಳಾದವರಿಗಾಗಿ ಆಗ್ನೇಯ ಏಷ್ಯಾದಲ್ಲಿ ಅದನ್ನು ಹಿಡಿದು ಒಣಗಿಸಿ, ಚೌಕಟ್ಟು ಹಾಕಿ, ಗೋಡೆಯ ಅಲಂಕಾರವಾಗಿ ಆನ್‌ಲೈನ್‌ನಲ್ಲಿ ಮಾರುತ್ತಾರೆ; ನೀವು ಕಂಡ ಚಿತ್ರಗಳಲ್ಲಿ ಅಂಥವೂ ಇರಬಹುದು. ಹೆರಿಗೆಗೆ ಒಂದೇ ಮರಿ ಹಾಕುವ ಪ್ರಾಣಿಗೆ ಈ ನಷ್ಟ ತುಂಬಿಕೊಳ್ಳುವುದು ಸುಲಭವಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪುಪಟ್ಟಿಯಲ್ಲಿ ಅದು ಈಗ ಅಪಾಯದ ಅಂಚಿಗೆ ಸಮೀಪಿಸಿದ ಜಾತಿಗಳ ಸಾಲಿನಲ್ಲಿದೆ. ನಿಮ್ಮಿಂದಾಗುವುದು ಸಣ್ಣ ಕೆಲಸ: ರೋಗ ತಗಲಿದ ಎಲೆಗಳನ್ನು ತೆಗೆಯಲೇಬೇಕು, ಆದರೆ ಕೊಯ್ಯುವ ಮೊದಲು ಕೋಲಿನಿಂದ ಮೆಲ್ಲನೆ ಅಲುಗಿಸಿ ನೋಡಿ; ಆರೋಗ್ಯವಂತ ಬಾಳೆಗಳಲ್ಲಿ ನಾಲ್ಕಾರು ಒಣ ಎಲೆಗಳನ್ನು ಹಾಗೆಯೇ ಬಿಡಿ.